ಶಿರಾ ತಿಂದು ಮಾಡಿದ ಸರ್ವೇ

ಗುರುತು ಪರಿಚಯ ಇಲ್ಲದವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, 'ನಿಮಗೆ ಹೊಲ ಎಷ್ಟು, ಮಕ್ಕಳೆಷ್ಟು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ' ಎಂದು ರಾಜಾರೋಷವಾಗಿ ಕೇಳುವ ಹಕ್ಕು ಈ ಲೋಕದಲ್ಲಿ ಕೆಲವೇ ಮಂದಿಗೆ ಇದೆ. ಪೊಲೀಸರಿಗೆ ಇದೆ, ಅವರಿಗೆ ಜನ ಹೆದರಿಯಾದರೂ ಉತ್ತರ ಕೊಡುತ್ತಾರೆ. ಸಂಶೋಧಕರಿಗೆ ಇದೆ, ಅವರಿಗೆ ಜನ ಉತ್ತರದ ಬದಲು ಚಹಾ ಕೊಡುತ್ತಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಪಿಎಚ್.ಡಿ. ಮಾಡುವಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ನಾನು ಕುಡಿದ ಚಹಾದ ಮುಂದೆ, ಸಂಗ್ರಹಿಸಿದ ಮಾಹಿತಿ ಏನೇನೂ ಅಲ್ಲ. ಆದರೆ ಈ ಹಕ್ಕು ಇರುವ ಮೂರನೆಯ ಗುಂಪೊಂದಿದೆ ಎಂಬುದು ನನ್ನ ಗೈಡ್ ಓದಲು ಹೇಳಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ತಿಳಿಯಲು ನಾನು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಬೇಕಾಯಿತು.

ಇದೆಲ್ಲ ಈಗ ನೆನಪಾಗಲು ಕಾರಣ ಶಬಾನಾ. ಬೈಲಹೊಂಗಲದ ಕಾಲೇಜಿನಲ್ಲಿ ನನ್ನ ಕೈಯಲ್ಲಿ ಸಮಾಜಶಾಸ್ತ್ರ ಕಲಿತ ಹುಡುಗಿ. ಈಗ ಮುನವಳ್ಳಿ ಕಡೆ ತಾನೇ ಪಾಠ ಹೇಳುತ್ತಾಳೆ. ನಿವೃತ್ತನಾಗಿ ಮನೆಯಲ್ಲಿ ಪೇಪರು ಓದಿಕೊಂಡಿದ್ದ ನನಗೆ ಮೊನ್ನೆ ಫೋನು ಮಾಡಿದಳು. "ಸರ, ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದ ತಾಸು ಮಾತಾಡಬೇಕ್ರಿ. ದತ್ತಾಂಶ ಸಂಗ್ರಹದ ವಿಧಾನಗಳು, ಅವುಗಳ ಅನುಕೂಲ, ಅನನುಕೂಲ. ಪಿಪಿಟಿ ಇದ್ದರ ಛಲೋ." ನನ್ನದೆಲ್ಲ ಹಳೆಯ ಕಾಲದ್ದಾಯಿತಲ್ಲವೇನಮ್ಮ ಎಂದೆ. "ಹಳೇದ ಹೇಳ್ರಿ ಸರ. ಹೊಸಾದು ಅವರಿಗೆ ನಮಗಿಂತ ಚಂದ ಗೊತ್ತೈತಿ" ಎಂದಳು. ಪಕ್ಕದಲ್ಲಿ ಮೆಂತ್ಯಸೊಪ್ಪು ಸೋಸುತ್ತ ಕುಳಿತಿದ್ದ ನನ್ನ ಹೆಂಡತಿ ಸುವರ್ಣಾ, ಫೋನು ಇಡುವುದನ್ನೇ ಕಾಯುತ್ತಿದ್ದವಳಂತೆ, "ಹೋಗಿ ಮಾತಾಡ್ರಿ. ಆದರ ನಮ್ಮಪ್ಪನ ಮನಿ ವಿಷಯ ಅಲ್ಲಿ ತೆಗೀಬ್ಯಾಡ್ರಿ" ಎಂದಳು. ಅಲ್ಲಿ ತೆಗೆಯುವುದಿಲ್ಲ. ಅದಕ್ಕೇ ಇಲ್ಲಿ ತೆಗೆಯುತ್ತಿದ್ದೇನೆ.

ಈಗಿನವರ ವಿಧಾನವನ್ನು ನಾನು ಹೀಗಳೆಯುವವನಲ್ಲ. ಮೊಬೈಲಿನಲ್ಲಿ ಪ್ರಶ್ನೆ ಹಾಕಿ ವಾಟ್ಸಾಪಿಗೆ ಬಿಟ್ಟರೆ ಸಂಶೋಧಕ ರೊಟ್ಟಿ ತಿಂದು ಕೈ ತೊಳೆಯುವುದರೊಳಗೆ ಉತ್ತರಗಳು ಬಂದು ಬೀಳುತ್ತವೆ. ಬಸ್ಸಿಗೆ ಕಾಯುವುದಿಲ್ಲ, ನಾಯಿ ಅಟ್ಟಿಸಿಕೊಂಡು ಬರುವುದಿಲ್ಲ. ಆದರೆ ಉತ್ತರ ಕೊಟ್ಟವರು ಯಾರು ಎಂದು ಮಾತ್ರ ಕೇಳಬಾರದು. ಶಬಾನಾಳದೇ ಒಂದು ಪ್ರಶ್ನಾವಳಿ ಒಮ್ಮೆ ನನ್ನ ಮೊಬೈಲಿಗೆ ಬಂದಿತ್ತು. ನನ್ನ ಮೊಮ್ಮಗಳು ಆಟವೆಂದು ತಿಳಿದು ಅದನ್ನು ತುಂಬಿ ಕಳಿಸಿಬಿಟ್ಟಳು. ಆ ಅಧ್ಯಯನದ ಪ್ರಕಾರ ನಮ್ಮ ಮನೆಯಲ್ಲಿ ನೇಗಿಲು ಹೊಡೆಯುವವಳು ಸುವರ್ಣಾ.

ನಮ್ಮ ಕಾಲದಲ್ಲಿ ಮೊಬೈಲು ಇರಲಿಲ್ಲ, ಅಂಚೆ ಇತ್ತು. ಪ್ರಶ್ನಾವಳಿಯ ಜೊತೆಗೆ ನನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟು ಕಿತ್ತೂರಿನ ಕಡೆಯ ಊರುಗಳಿಗೆ ಕಳಿಸಿದೆ. ಖರ್ಚಿಲ್ಲದೆ ಉತ್ತರಿಸಬಹುದು ಎಂಬುದು ಅದರ ಅನುಕೂಲ. ಬಹಳ ದಿನ ಏನೂ ಬರಲಿಲ್ಲ. ಕೊನೆಗೆ ಒಂದು ಲಕೋಟೆ ಬಂತು. ಸಡಗರದಿಂದ ಒಡೆದರೆ ಒಳಗೆ ಕಿತ್ತೂರಿನ ಕಡೆಯವರೊಬ್ಬರ ಮಗನ ಲಗ್ನಪತ್ರಿಕೆ. ಚೀಟಿ ವ್ಯರ್ಥವಾಗಬಾರದು ಎಂದು ಕಳಿಸಿದ್ದರು. ಹೋಗಿ ಉಂಡು ಬಂದೆ. ಆಮೇಲೆ ವೀಕ್ಷಣಾ ವಿಧಾನ. ಏನೂ ಕೇಳದೆ ದೂರ ಕುಳಿತು ನೋಡಬೇಕು, ನೋಡುತ್ತಿರುವುದು ಯಾರಿಗೂ ಗೊತ್ತಾಗಬಾರದು. ರಾಮದುರ್ಗದ ಸಂತೆಯಲ್ಲಿ ಹೆಣ್ಣುಮಕ್ಕಳ ವ್ಯವಹಾರ ನೋಡಲೆಂದು ಒಂದು ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಮೆಣಸಿನಕಾಯಿ ಮಾರುವಾಕೆ ಬಂದು, "ಯಾಕಪಾ, ಆರಾಮ ಇಲ್ಲೇನು? ಮನ್ಯಾಗ ಜಗಳಾಡಿ ಬಂದೀಯೇನು?" ಎಂದು ನೀರು ಕೊಟ್ಟಳು. ಅವಳ ಹಿಂದೆ ನಾಲ್ಕಾರು ಜನ ಸೇರಿದರು. ವೀಕ್ಷಣೆ ನಡೆಯಿತು, ನಿಜ. ಆದರೆ ನೋಡುವವರು ಅವರಾಗಿದ್ದರು.

ಉಳಿದದ್ದು ಸಂದರ್ಶನ. ಮನೆಮನೆಗೆ ಹೋಗಿ ಎದುರು ಕುಳಿತು ಕೇಳುವುದು. ಕೃಷಿ ಕುಟುಂಬಗಳಲ್ಲಿ ನಿರ್ಧಾರ ಯಾರು ತೆಗೆದುಕೊಳ್ಳುತ್ತಾರೆ, ಹೆಣ್ಣುಮಕ್ಕಳ ಮಾತಿಗೆ ಬೆಲೆ ಇದೆಯೇ ಎಂಬುದು ನನ್ನ ವಿಷಯ. ಪ್ರಶ್ನೆಗಳನ್ನು ನನ್ನ ಗೈಡೇ ತಯಾರಿಸಿ ಕೊಟ್ಟಿದ್ದರು. ನನ್ನ ಹತ್ತಿರ ವಾಹನ ಇರಲಿಲ್ಲ. ಗೆಳೆಯ ಮಕ್ತುಮನ ಹತ್ತಿರ ಇತ್ತು. ಬೈಲಹೊಂಗಲದ ಪೇಟೆಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಅವನು ಅಂಗಡಿಯ ರಜೆಯ ದಿನ ತನ್ನ ಹಳೆಯ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದ. ಸವದತ್ತಿ ಕಡೆ ಹೋಗುವ ದಿನ, ತಾನೇ ಹೊಲಿದ ಹೊಸ ಅಂಗಿಯನ್ನು ನನಗೆ ತೊಡಿಸಿದ. "ಕೇಳವ್ರು ಚಂದ ಕಂಡ್ರ ಹೇಳವ್ರು ಚಂದ ಹೇಳತಾರ" ಎಂಬುದು ಅವನ ಸಂಶೋಧನಾ ಸಿದ್ಧಾಂತ. ಚಚಡಿಯ ಹಾದಿಯಲ್ಲಿ ಜೋಳದ ಹೊಲಗಳ ನಡುವೆ ಆ ಸ್ಕೂಟರು ಕೆಮ್ಮುತ್ತ ಹೋದ ಆ ಬೆಳಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಕ್ತುಮ ಈಗ ಇಲ್ಲ. ಆ ಹಾದಿಯಲ್ಲಿ ಹೋಗುವಾಗಲೆಲ್ಲ ಅವನಿಲ್ಲದ್ದು ನನ್ನನ್ನು ಬಹಳ ಕಾಡುತ್ತದೆ.

ಈಗ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಹಿಂದೆ ನಮ್ಮಲ್ಲಿ ಹೆಣ್ಣು ನೋಡಲು ಬರುವವರು ಮೊದಲ ಸಲ ಹೆಣ್ಣು ನೋಡಲು ಬಂದಿದ್ದೇವೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎತ್ತು ನೋಡಲು ಬಂದಿದ್ದೆವು, ಬೀಜ ಕೇಳಲು ಬಂದಿದ್ದೆವು, ಹಾದಿಯಲ್ಲಿ ಗಾಡಿ ಕೆಟ್ಟಿತು, ಹೀಗೆ ಏನಾದರೊಂದು ನೆವ. ಒಪ್ಪಿಗೆಯಾಗದಿದ್ದರೆ ಯಾರ ಮಾನಕ್ಕೂ ಕುಂದಿಲ್ಲ. ಎತ್ತು ಒಪ್ಪಲಿಲ್ಲ, ಅಷ್ಟೇ. ನಾನು ಹೋದ ಆ ಮನೆಯ ಯಜಮಾನರು ಈರಪ್ಪನವರು. ಬೈಲಹೊಂಗಲದ ಕಡೆಯಿಂದ ಒಬ್ಬ ಮಾಸ್ತರಿಕೆಯ ಹುಡುಗ ಯಾವತ್ತಾದರೂ ಬರಬಹುದು ಎಂದು ಅವರ ಸಂಬಂಧಿಕರೊಬ್ಬರು ಹೇಳಿ ಹೋಗಿದ್ದರಂತೆ. ಆ ಹುಡುಗ ಬರಲಿಲ್ಲ. ಹೊಸ ಅಂಗಿ ತೊಟ್ಟು, ಜೊತೆಗೊಬ್ಬ ಗೆಳೆಯನನ್ನು ಕರೆದುಕೊಂಡು ನಾನು ಹೋದೆ. "ಸರ್ವೇ ಸಲುವಾಗಿ ಬಂದೇನ್ರಿ" ಎಂದೆ. ಈರಪ್ಪನವರು ನಸುನಕ್ಕರು. "ಹೌದ್ರಿ, ಸರ್ವೇ. ತಿಳೀತು. ಬರ್ರಿ, ಮ್ಯಾಲೆ ಕುಂದರ್ರಿ" ಎಂದು ಜಮಖಾನೆ ಹಾಸಿದರು. ನಾನು ಕಾಲೇಜಿನ ಪತ್ರ ತೋರಿಸಲು ಹೋದೆ. "ಅದೆಲ್ಲಾ ಯಾಕ್ರಿ, ನಾವೇನು ತಿಳೀದವರೇನು?" ಎಂದರು. ಸರ್ವೇ ಎಂದು ನಾನು ಒತ್ತಿ ಹೇಳಿದಷ್ಟೂ ಅವರಿಗೆ ನನ್ನ ಮೇಲೆ ನಂಬಿಕೆ ಹೆಚ್ಚುತ್ತಿತ್ತು.

ಉಳಿದ ಮನೆಗಳಲ್ಲಿ ಚಹಾ ಬರುತ್ತಿತ್ತು. ಇಲ್ಲಿ ತುಪ್ಪ ಸುರಿದ ಶಿರಾ ಬಂತು, ಉಪ್ಪಿಟ್ಟು ಬಂತು, ಆಮೇಲೆ ಚಹಾ ಬಂತು. ಇವರಿಗೆ ಸಂಶೋಧನೆಯ ಬಗ್ಗೆ ಎಂಥ ಗೌರವ ಎಂದು ನನ್ನ ಮನಸ್ಸು ತುಂಬಿ ಬಂತು. ನಾನು ಕೇಳಿದ ಪ್ರಶ್ನೆಗಳಾದರೂ ಎಂಥವು? ಹೊಲ ಎಷ್ಟು, ಎಮ್ಮೆ ಎಷ್ಟು, ಮದುವೆಯಾಗದ ಹೆಣ್ಣುಮಕ್ಕಳು ಇದ್ದಾರೆಯೇ, ಅವರ ವಯಸ್ಸು, ಓದು. ಬೀಗರು ಕೇಳುವುದೂ ಇದನ್ನೇ. ಈರಪ್ಪನವರು ಹುರುಪಿನಿಂದ ಉತ್ತರ ಕೊಟ್ಟು, ನಡುನಡುವೆ ನನ್ನ ಊರು, ಮನೆತನ, ಸಂಬಳ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಮಕ್ತುಮನನ್ನು ದನದ ಕೊಟ್ಟಿಗೆಯ ಕಡೆ ಕರೆದೊಯ್ದು ನನ್ನ ಬಗ್ಗೆ ವಿಚಾರಿಸಿದರು. ಅಪರಿಚಿತನಿಗೆ ಮನೆಯ ವಿಷಯ ಹೇಳಬಹುದೋ ಇಲ್ಲವೋ ಎಂಬ ಅನುಮಾನ ಇರಬೇಕು ಎಂದುಕೊಂಡ ಅವನು, "ಭಾಳ ಛಲೋ ಮನಶಾ ರಿ. ಚಟಾ ಇಲ್ಲ, ಜಗಳಾ ಇಲ್ಲ. ಹೇಳಿದ್ದ ಮಾತು ತಪ್ಪೂದಿಲ್ಲ. ಕಣ್ಣು ಮುಚ್ಚಿ ನಂಬ್ರಿ" ಎಂದು ಭರವಸೆ ಕೊಟ್ಟನಂತೆ.

ಹೆಣ್ಣುಮಕ್ಕಳ ಅಭಿಪ್ರಾಯದ ಪ್ರಶ್ನೆಗಳು ಬಂದಾಗ, ಅವರನ್ನೇ ಕೇಳಬೇಕಲ್ಲ ಎಂದೆ. ಅದನ್ನೇ ಕಾಯುತ್ತಿದ್ದವರಂತೆ ಈರಪ್ಪನವರು ಒಳಗೆ ತಿರುಗಿ ಕರೆದರು. ಇಳಕಲ್ ಸೀರೆ ಉಟ್ಟ ಹುಡುಗಿ ಬಂದು ಎದುರು ಕುಳಿತಳು. ಅವಳೇ ಸುವರ್ಣಾ. ನಾನು ತಲೆ ಎತ್ತದೆ ಕಾಗದ ನೋಡಿ ಓದುತ್ತ ಹೋದೆ. ಕಿರಾಣಿ ಸಾಮಾನು ತರುವುದು ಯಾರ ನಿರ್ಧಾರ? "ನಮ್ಮವ್ವಂದ್ರಿ." ಬಿತ್ತನೆ ಬೀಜ? "ಅಪ್ಪಂದು." ಮದುವೆಯ ವಿಷಯದಲ್ಲಿ ಹೆಣ್ಣುಮಕ್ಕಳ ಒಪ್ಪಿಗೆ ಕೇಳುತ್ತಾರೆಯೇ? ಒಳಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ಸೆರಗನ್ನು ಬಾಯಿಗೆ ಹಿಡಿದರು. ಹುಡುಗಿ, "ಇಲ್ಲೀತನ ಯಾರೂ ಕೇಳಿಲ್ರಿ. ನೀವ ಮೊದಲನೇದವ್ರು" ಎಂದಳು. ಆಗ ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಗಡಿಬಿಡಿಯಿಂದ 'ಇಲ್ಲ' ಎಂಬುದಕ್ಕೆ ಗುರುತು ಹಾಕಿ, ಮಾಹಿತಿಗಾಗಿ ಧನ್ಯವಾದ ಹೇಳಿ, ಪಕ್ಕದ ಮನೆಗೆ ಹೋದೆ. ಓಣಿಯ ಎಲ್ಲ ಮನೆಗಳಲ್ಲೂ ಕುಳಿತು ಹೊಲ, ಎಮ್ಮೆ, ಒಪ್ಪಿಗೆ ಎಲ್ಲ ಕೇಳಿದೆ. ಹುಡುಗ ತಮ್ಮ ಮನೆತನದ ಬಗ್ಗೆ ನೆರೆಹೊರೆಯಲ್ಲಿ ವಿಚಾರಿಸುತ್ತಿದ್ದಾನೆ ಎಂದು ಈರಪ್ಪನವರಿಗೆ ಇನ್ನಷ್ಟು ಖಾತ್ರಿಯಾಯಿತು.

ಅಲ್ಲಿಂದ ನಾನು ನನ್ನ ಪಾಡಿಗೆ ರಾಮದುರ್ಗ, ಕಿತ್ತೂರು ಎಂದು ಸುತ್ತಿದೆ. ಈರಪ್ಪನವರ ಮನೆಯಲ್ಲಿ ನನ್ನ ಮಾತಿಗೆ ಕಾಯುತ್ತಿದ್ದಾರೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಅವರು ಆ ಸಂಬಂಧಿಕರನ್ನು ಕೇಳಿದರೆ, "ಹುಡುಗ ಇನ್ನೂ ಏನೂ ಅಂದಿಲ್ಲ" ಎಂದರಂತೆ. ಬಾರದೆ ಹೋದ ಆ ಹುಡುಗನ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಸುಗ್ಗಿ ಮುಗಿದ ಮೇಲೆ ಗೈಡ್ ನನ್ನ ಕಾಗದಗಳನ್ನೆಲ್ಲ ನೋಡಿ, ಈರಪ್ಪನವರದೂ ಸೇರಿ ಸವದತ್ತಿ ಕಡೆಯ ಒಂದೆರಡು ಮನೆಗಳಲ್ಲಿ ನೀರಾವರಿಯ ವಿವರ ಬಿಟ್ಟುಹೋಗಿದೆ ಎಂದರು. ಆ ವಿವರ ಹೊಲಗಳ ದಾಖಲೆ ಇಡುವ ಊರಿನ ತಲಾಠಿಯನ್ನು ಕೇಳಿದ್ದರೂ ಸಿಗುತ್ತಿತ್ತು. ಆದರೂ ನಾನೇ ಹೋಗುತ್ತೇನೆ ಎಂದೆ. ನೀವ ಮೊದಲನೇದವ್ರು ಎಂಬ ಆ ಮಾತು ಎಷ್ಟೋ ಬಸ್‌ಸ್ಟ್ಯಾಂಡುಗಳಲ್ಲಿ ನನ್ನ ಕಿವಿಯಲ್ಲಿ ಕೇಳಿಸುತ್ತಿತ್ತು. ಅವಳನ್ನು ಇನ್ನೊಮ್ಮೆ ನೋಡುವ ಆಸೆ ನನಗಿತ್ತು.

ಈ ಸಲ ಜಮಖಾನೆ ಇಲ್ಲ, ಶಿರಾ ಇಲ್ಲ. ಈರಪ್ಪನವರು ಕಟ್ಟೆಯ ಮೇಲೆ ಕುಳಿತಲ್ಲಿಂದ ಏಳಲಿಲ್ಲ. "ಸರ್ವೇ ಮುಗೀತೇನ್ರಿ?" ಎಂದರು. ಸ್ವಲ್ಪ ಬಾಕಿ ಇದೆ ಎಂದೆ. "ಇನ್ನೇನು ಬಾಕಿ ಐತ್ರಿ? ಹೂಂ ಅನ್ರಿ, ಇಲ್ಲಾ ಬ್ಯಾಡ ಅನ್ರಿ. ನಿಮ್ಮ ಮಾತಿಗೆ ಕಾದು ರಾಮದುರ್ಗದವರ ಸಂಬಂಧ ಬಿಟ್ಟೇವಿ. ಹುಡುಗಿನ್ನ ನೋಡಿ ಬಿಟ್ಟು ಹೋಗ್ಯಾರ ಅಂತ ಓಣ್ಯಾಗ ಮಂದಿ ಮಾತಾಡಾಕತ್ಯಾರ. ಆಕಿ ಹೊರಗ ಬರೂದ ಬಿಟ್ಟಾಳ." ಈ ಸಲವೂ ಜೊತೆಗೆ ಬಂದಿದ್ದ ಮಕ್ತುಮ ತಲೆಯ ಮೇಲೆ ಕೈ ಇಟ್ಟುಕೊಂಡು, "ಲೇ, ಇವರು ನಿನ್ನ ವರಾ ಅಂತ ತಿಳಕೊಂಡಾರ. ಅವತ್ತ ನಾ ನಿನ್ನ ಹೊಗಳಿದ್ದು ಅದಕ್ಕ ಹತ್ತೇತಿ" ಎಂದು ಪಿಸುಗುಟ್ಟಿದ. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ನನ್ನಿಂದಾಗಿ ಒಂದು ಮನೆಯ ಹುಡುಗಿ ಓಣಿಗೆ ಮುಖ ತೋರಿಸದಂತಾಗಿತ್ತು. ಅಷ್ಟರಲ್ಲಿ ಅವಳೇ ಹೊಸ್ತಿಲಿಗೆ ಬಂದು ನಿಂತಳು. ಅಪ್ಪನ ಮುಂದೆ, ನೋಡಲು ಸೇರಿದ್ದ ನೆರೆಯವರ ಮುಂದೆ, ನನಗೆ ಒಂದೇ ಮಾತು ಕೇಳಿದಳು. "ಅವತ್ತ ನನ್ನ ಒಪ್ಪಿಗಿ ಕೇಳಿದ್ರಲ್ಲ, ಅದು ಕಾಗದದಾಗ ಇತ್ತಂತ ಕೇಳಿದ್ರೋ, ನೀವಾಗೇ ಕೇಳಿದ್ರೋ?"

ಕಾಗದದಲ್ಲಿತ್ತು. ಗೈಡ್ ಬರೆದ ಪ್ರಶ್ನೆ ಅದು. ನಾನು ಅವಳ ಮುಖ ನೋಡಿದೆ. "ನಾನಾಗೇ ಕೇಳಿದ್ದು" ಎಂದೆ. ಈರಪ್ಪನವರು ಎದ್ದು ನಿಂತು, "ಅಂದ್ರ?" ಎಂದರು. "ಅಂದ್ರ, ಹೂಂ ರಿ" ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಯಾವ ಉತ್ತರವೂ ಅದುವರೆಗೆ ಬಂದಿರಲಿಲ್ಲ. ಈರಪ್ಪನವರು ಹೂಂ ಎಂದರು, ಮಕ್ತುಮ ಸಕ್ಕರೆ ಕೇಳಿದ, ನೀರಾವರಿಯ ವಿವರ ಕೇಳುವುದು ಮರೆತೇಹೋಯಿತು.

ಹೆಣ್ಣು ನೋಡಲು ಬರುವವರೆಂಬ ಈ ಮೂರನೆಯ ಗುಂಪಿನ ಕಥೆ ಶಬಾನಾಳ ವಿದ್ಯಾರ್ಥಿಗಳ ಮುಂದೆ ಹೇಳುವಂತಿಲ್ಲ. ಹಾಗಾಗಿ ನಿನ್ನೆ ಬೇರೆ ಅಂಶಗಳನ್ನು ಟೈಪು ಮಾಡುತ್ತ, ಸಂದರ್ಶನ ವಿಧಾನದ ದೊಡ್ಡ ಅನನುಕೂಲ ಎಂದರೆ ಕೇಳುವವರಿಗೆ ಹಿತವಾಗುವ ಹಾಗೆ ಜನ ಸುಳ್ಳು ಹೇಳುವುದು ಎಂದು ಗಟ್ಟಿಯಾಗಿ ಓದಿದೆ. ಅಡುಗೆಮನೆಯಿಂದ ಸುವರ್ಣಾ, "ನೀವು ಅವತ್ತ ನಮ್ಮ ಕಟ್ಟಿ ಮ್ಯಾಲೆ ಹೇಳಿದ್ರಲ್ಲ, ಹಂಗ" ಎಂದಳು. ನಾನು ಎದ್ದು ಹೋದೆ. ನಾನು ಬಂದದ್ದು ಬರೀ ಸರ್ವೇಗೆ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ನಾನು ಊರು ಬಿಟ್ಟ ಮೇಲೆ ಹಿಟ್ಟಿನ ಗಿರಣಿಯಲ್ಲಿ ಹೆಣ್ಣುಮಕ್ಕಳು ಸೇರಿದಾಗ, ಒಪ್ಪಿಗೆಯ ಪ್ರಶ್ನೆಯನ್ನು ಓಣಿಯ ಎಲ್ಲರಿಗೂ ಕೇಳಿದ್ದೇನೆ ಎಂದು ತಿಳಿಯಿತಂತೆ. ಅಪ್ಪನಿಗೆ ಹೇಳಿದರೆ ಅವರು ನಂಬಲಿಲ್ಲ. "ಎಲ್ಲಾ ಗೊತ್ತಿದ್ದೂ ಮತ್ತ್ಯಾಕ ಕೇಳಿದಿ?" ಎಂದೆ. "ಮಂದಿ ಮುಂದ ನನ್ನ ಮಾನಾ ಉಳಸ್ತೀರೋ, ನಿಮ್ಮ ಕಾಗದಾ ಉಳಸ್ತೀರೋ ನೋಡಬೇಕಿತ್ತು" ಎಂದಳು. ನನಗೆ ಎದೆ ತುಂಬಿ ಬಂತು. ಅದಕ್ಕೇ ಹೂಂ ಅಂದೆಯೇನು ಎಂದೆ. ಸುವರ್ಣಾ ಒಲೆಯ ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. "ನಾ ಯಾವಾಗ ಹೂಂ ಅಂದ್ನಿ? ನೀವ ಹೂಂ ಅಂದ್ರಿ, ಅಪ್ಪ ಹೂಂ ಅಂದ, ನಿಮ್ಮ ದೋಸ್ತ ಸಕ್ಕರಿ ತಿಂದ. ನನಗ ಯಾರ ಕೇಳಿದ್ರು?"

ಎಷ್ಟು ನೆನಪಿಸಿಕೊಂಡರೂ ಯಾರೂ ಕೇಳಿದ ನೆನಪಿಲ್ಲ. ಕೈಯಲ್ಲಿ ಕಾಗದವಿಲ್ಲದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಂಗಾರ ಈಗ ಕೇಳತೇನಿ. ನಾನು ನಿನಗ ಒಪ್ಪಿಗಿ ಏನು?" ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ವಿಚಾರ ಮಾಡಿ ಹೇಳತೇನಿ" ಎಂದು ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಆಮೇಲೆ ಊಟವಾಯಿತು, ನಿದ್ದೆಯಾಯಿತು, ಇವತ್ತು ಬೆಳಗಿನ ಚಹಾವೂ ಆಯಿತು. ಹೂಂ ಇಲ್ಲ, ಬ್ಯಾಡ ಇಲ್ಲ. ನಾನು ಪಿಪಿಟಿ ಬಿಟ್ಟು ಅಡುಗೆಮನೆಯ ಸುತ್ತ ಓಡಾಡಿಕೊಂಡಿದ್ದೇನೆ.