ಹಾವಿನ ಬಾಯಿಗೆ ಬಿದ್ದ ಮಿರ್ಚಿ ಭಜಿಯ ಕುರಿತು

ಯರಗಟ್ಟಿ, ಸೆಪ್ಟೆಂಬರ್ 2003

ಆಟ ಆಡಿಸಿ ಮಕ್ಕಳಿಗೆ ಆಹಾರದ ಅರಿವು ಮೂಡಿಸುವ ಯೋಜನೆಯ ನಿರ್ದೇಶಕ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಶಾಲೆಯೊಂದರ ಎದುರಿಗೆ ಮಿರ್ಚಿ ಭಜಿ ಕರಿದು ಹೊಟ್ಟೆ ಹೊರೆಯುವ ಲಗಮಪ್ಪನಾದ ನಾನು, ಎಣ್ಣೆಗೈಯನ್ನು ಚೆನ್ನಾಗಿ ಒರೆಸಿಕೊಂಡು ಮಾಡುವ ಶರಣು ಶರಣಾರ್ಥಿಗಳು. ತಾವು, ತಮ್ಮ ಜೀಪು, ಜೀಪಿನ ಮೇಲಿನ ಧ್ವನಿವರ್ಧಕ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕ್ಷೇಮದಲ್ಲಿ ಸ್ವಲ್ಪ ಏರುಪೇರಾಗಿದ್ದು, ಅದರ ಕೀರ್ತಿ ಪೂರ್ತಿ ತಮಗೇ ಸಲ್ಲಬೇಕಾದ್ದರಿಂದ ಈ ಬಹಿರಂಗ ಪತ್ರ.

ಈ ವರ್ಷ ಶಾಲೆ ಶುರುವಾದ ಹೊಸದರಲ್ಲಿ ತಮ್ಮ ಯೋಜನೆಯವರು ಮಕ್ಕಳಿಗೆ ಚಾಪೆಯಷ್ಟು ಅಗಲದ ಹಾವು-ಏಣಿ ಆಟ ಕೊಟ್ಟುಹೋದರು. ಹಾಲು, ಕಾಳು, ಕಾಯಿಪಲ್ಯೆ ಇದ್ದ ಮನೆಗೆ ಬಂದವರಿಗೆ ಏಣಿ. ಕರಿದದ್ದು, ಸಕ್ಕರೆ ಸುರಿದದ್ದು ಇದ್ದಲ್ಲಿ ಹಾವು. ಇದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಲ್ಲಕ್ಕಿಂತ ಉದ್ದದ ಹಾವನ್ನು ತೊಂಬತ್ತೊಂಬತ್ತನೇ ಮನೆಯಲ್ಲಿ ಬಾಯಿ ತೆರೆಸಿ ಕೂರಿಸಿ, ಆ ಬಾಯೊಳಗೆ ತಮ್ಮ ಚಿತ್ರಗಾರರು ಒಂದು ಮಿರ್ಚಿಯನ್ನು ಎಷ್ಟು ಜೀವ ತುಂಬಿ ಬರೆದಿದ್ದರೆಂದರೆ, ಅದು ನನ್ನ ಬಾಣಲೆಯದೇ ಎಂದು ಊರೇ ಗುರುತು ಹಿಡಿಯಿತು.

ಅಂದಿನಿಂದ ಗಿರಾಕಿಗಳು ಭಜಿಗೆ ಕೈಚಾಚಿದೊಡನೆ ಹುಡುಗರು “ಹಾವು! ಹಾವು!” ಎಂದು ಕೂಗತೊಡಗಿದರು. ಒಬ್ಬ ಮುದುಕರು ನಿಜವಾದ ಹಾವೆಂದು ತಿಳಿದು ಬೆಂಚಿನ ಮೇಲೆ ಹತ್ತಿ ನಿಂತರು. ಇದನ್ನೂ ಸಹಿಸಿಕೊಂಡೆ. ಆದರೆ ಐದನೇ ಇಯತ್ತೆಯಲ್ಲಿರುವ ನನ್ನ ಮಗಳು ಗಂಗಾ, ದಿನಾ ಮೊದಲ ಭಜಿ ತಿಂದು ಉಪ್ಪು ಸರಿಯಿದೆಯೋ ಇಲ್ಲವೋ ಹೇಳುತ್ತಿದ್ದವಳು, ಒಂದು ದಿನ ಮುಖ ಆಚೆ ತಿರುಗಿಸಿ, “ನಂಗ ಬ್ಯಾಡಪಾ, ಕಾಳು ನೆನಿ ಹಾಕ್ರಿ” ಎಂದಾಗ ನನ್ನ ಎದೆಯಲ್ಲಿ ಆದದ್ದನ್ನು ವಿವರಿಸಲು ತಮ್ಮ ಆಟದಲ್ಲಿ ಯಾವ ಮನೆಯೂ ಇಲ್ಲ.

ಹೆಂಡತಿ ಬಾಯವ್ವನಾದರೂ ನನ್ನ ಪರ ನಿಲ್ಲುತ್ತಾಳೆಂದುಕೊಂಡರೆ ಅವಳು, “ಖರೇನ ಹೇಳಾಕತ್ತೇತಿ ಕೂಸು. ಮುಂಜಾನಿ ಬರೇ ಒಂದ್ ಭಜಿ ತಿಂದು ಸಾಲಿಗೆ ಹೋಗೂ ಹುಡುಗರ ಮಾರಿ ನೋಡೀರೇನು?” ಎಂದಳು. ಮರುದಿನ ನೋಡಿದೆ. ನೋಡಿದ ಮೇಲೆ ಬಾಣಲೆಯ ಪಕ್ಕದಲ್ಲಿ ಮೊಳಕೆ ಬಂದ ಮಡಕಿ ಕಾಳಿನ ಉಸುಳಿಯ ಬೋಗುಣಿಯೂ ಬಂದು ಕುಳಿತಿತು. ಹುಡುಗರು ಅದನ್ನು “ಏಣಿ” ಎಂದು ಕರೆದು, ಕೇಳಿ ಕೇಳಿ ತಿಂದರು. ತಮ್ಮ ಆಟ ಅಷ್ಟರಮಟ್ಟಿಗೆ ಗೆದ್ದಿತ್ತು ಸ್ವಾಮಿ. ಅದನ್ನು ಸೋಲಿಸಲು ತಾವೇ ಬರಬೇಕಾಯಿತು.

ತಪಾಸಣೆಗೆಂದು ಬಂದ ತಾವು ಶಾಲೆಯಲ್ಲಿ ಕರಿದ ಪದಾರ್ಥದ ವಿರುದ್ಧ ಬಹಳ ಹೊತ್ತು ಮಾತನಾಡಿ, ಹಸಿದು, ಹಿಂದಿನ ಓಣಿಯಿಂದ ನನ್ನ ಅಂಗಡಿಯ ಗೋಣಿತಟ್ಟಿನ ಪರದೆಯ ಮರೆಗೆ ಬಂದು, “ಬಿಸೇವು ಎರಡು ಪ್ಲೇಟ್ ಕೊಡ್ರಿ, ಗದ್ಲ ಮಾಡಬ್ಯಾಡ್ರಿ” ಎಂದು ಅಪ್ಪಣೆ ಕೊಡಿಸಿದಿರಿ. ಉಸುಳಿಗೆ ಬಂದ ಗಂಗಾಳ ಗೆಳತಿ ಪೂನಮ್ ಪರದೆ ಎತ್ತಿದಳು. ತಮ್ಮ ಕೈಯಲ್ಲಿ ಮಿರ್ಚಿ, ಗಲ್ಲದ ತುಂಬ ಮಿರ್ಚಿ. ಹುಡುಗಿಯ ದನಿಯಲ್ಲಿ ಕುಹಕವಿರಲಿಲ್ಲ, ಆಟದಲ್ಲಿ ಎಲ್ಲರಿಗೂ ಹೇಳುವಂತೆಯೇ ಹೇಳಿದಳು: “ಸಾಹೇಬ್ರ, ಹಾವು ನುಂಗಿತ್ರಿ! ಕೆಳಗ ಇಳೀರಿ!” ತಾವು ಗಾಬರಿಯಲ್ಲಿ ಬೆಂಚಿನಿಂದ ನಿಜಕ್ಕೂ ಇಳಿದುಬಿಟ್ಟಿರಿ. ಓಣಿ ನಕ್ಕಿತು.

ವಾರದೊಳಗೆ ಮಕ್ಕಳಿಗೆ ಆಟ ಕಲಿಸಿದ ಶಾಲೆಯ ಶಿಕ್ಷಕಿ ಪದ್ಮವ್ವ ಅಕ್ಕೋರಿಗೆ, ಮಕ್ಕಳಿಗೆ ಉದ್ಧಟತನ ಕಲಿಸಿದ್ದಾರೆಂದು ನೋಟೀಸು ಬಂತು. “ಮಗು ಆಟದ ನಿಯಮ ಹೇಳಿದೆ. ನಾನು ಕಲಿಸಿದ್ದೂ ಅದನ್ನೇ” ಎಂದು ಅವರು ಉತ್ತರ ಬರೆದರು. ಅವರನ್ನು ರಾಮದುರ್ಗದ ಆಚೆಗೆ ವರ್ಗ ಮಾಡಲಾಯಿತು. ಆಟವನ್ನು, ಮಾಸಬಾರದೆಂಬ ಕಾಳಜಿಯಿಂದ, ಕಪಾಟಿನಲ್ಲಿಟ್ಟು ಕೀಲಿ ಹಾಕಲಾಯಿತು. ಅಕ್ಕೋರು ಬಸ್ಸು ಹತ್ತುವಾಗ ಪೂನಮ್, ತನ್ನಿಂದಲೇ ಹೀಗಾಯಿತೆಂದು ಬಿಕ್ಕಿ ಬಿಕ್ಕಿ ಅತ್ತಳು. ಅವರು ಅವಳ ತಲೆ ಸವರಿ, “ನೀ ಆಟ ಸರಿನ ಆಡೀದಿ, ಅಳಬ್ಯಾಡ” ಎಂದರು. ಅವರ ಕಣ್ಣೂ ಒಣಗಿರಲಿಲ್ಲ.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಬಿನ್ನಹವೇನೆಂದರೆ, ಯಾರನ್ನಾದರೂ ವರ್ಗ ಮಾಡಲೇಬೇಕಿದ್ದರೆ ಭಜಿಯನ್ನು ತೊಂಬತ್ತೊಂಬತ್ತನೇ ಮನೆಯಿಂದ ಹನ್ನೆರಡಕ್ಕೆ ವರ್ಗ ಮಾಡಿ, ಅಕ್ಕೋರನ್ನು ಮರಳಿ ಕಳಿಸಬೇಕು. ಭಜಿಗೆ ಸಂಸಾರವಿಲ್ಲ, ಮನೆ ಹುಡುಕುವ ತಾಪತ್ರಯವಿಲ್ಲ. ಅದಾಗದಿದ್ದರೆ ಮುಂದಿನ ಮುದ್ರಣದಲ್ಲಿ ಹಾವುಗಳಿಗೆ ಹುದ್ದೆ ನೋಡಿ ನುಂಗುವ ತರಬೇತಿ ಕೊಡಿಸಬೇಕು. ನುಂಗಿಸಿಕೊಂಡವರು ಮೇಲೆಯೇ ಉಳಿದು, ಕಲಿಸಿದವರು ಕೆಳಗಿಳಿಯುವ ನಿಯಮವನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಿದರೆ ಮಕ್ಕಳಿಗೂ ಗೊಂದಲವಿರುವುದಿಲ್ಲ.

ಸದ್ಯ ಮಕ್ಕಳು ನನ್ನ ಅಂಗಡಿಯ ಮುಂದಿನ ಕಲ್ಲುಹಾಸಿನ ಮೇಲೆ ಇದ್ದಿಲಿನಿಂದ ಹೊಸದೊಂದು ಹಾವು-ಏಣಿ ಬರೆದುಕೊಂಡಿದ್ದಾರೆ. ಏಣಿಯ ಬುಡದಲ್ಲಿ ಶೇಂಗಾ, ಮೆಂತ್ಯೆಪಲ್ಯೆ, ಮಡಕಿ. ಭಜಿಯನ್ನಾದರೂ ಕೈಬಿಡು ಎಂದು ಗಂಗಾಳಿಗೆ ಅಂಗಲಾಚಿದೆ. “ಸುಳ್ಳ ಬರಿಯಾಕ ಬರಂಗಿಲ್ಲಪಾ” ಎಂದು ಹಾವಿನ ಬಾಯಲ್ಲಿ ದೊಡ್ಡದೊಂದು ಮಿರ್ಚಿ ಬರೆದೇಬಿಟ್ಟಳು. ನಾನು ಅವಳಿಗೆ ಇನ್ನೊಂದು ಇದ್ದಿಲು ಕೊಟ್ಟೆ.

ತಮ್ಮ ವಿಶ್ವಾಸಿ,
ಲಗಮಪ್ಪ
ಭಜಿ ಮತ್ತು ಉಸುಳಿಯ ವ್ಯಾಪಾರಿ

ತಾ.ಕ.: ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಕಲಿಸುವ ತಮ್ಮ ಎರಡನೇ ಆಟವೂ ಶಾಲೆಗೆ ಬಂದು ತಲುಪಿದೆ. ಶಾಲೆಯ ನಳಕ್ಕೆ ನೀರು ಅದೇ ಡಬ್ಬಿಯಲ್ಲಿದೆಯೋ ಅಥವಾ ಬೇರೆ ಪಾರ್ಸಲ್ಲಿನಲ್ಲಿ ಬರುವುದೋ, ದಯವಿಟ್ಟು ತಿಳಿಸುವುದು.