ಸಂಕ ಹೋಗಿ ಸಂಘ ಆದದ್ದು

ಸಾರ್ವಜನಿಕ ಹಿತಕ್ಕಾಗಿ ಪತ್ರಿಕೆಗೆ ಕಾಗದ ಬರೆಯುವವರನ್ನು ನಾನು ಬಹಳ ವರ್ಷಗಳಿಂದ ಬಲ್ಲೆ, ಯಾಕೆಂದರೆ ನಾನೂ ಅವರಲ್ಲಿ ಒಬ್ಬ. ಆ ಅನುಭವದ ಮೇಲೆ ಒಂದು ಮಾತು ಹೇಳುತ್ತೇನೆ. ‘ಊರಿನ ಸಮಸ್ತ ಜನತೆಯ ಪರವಾಗಿ’ ಎಂದು ಶುರುವಾಗುವ ಯಾವ ಕಾಗದದ ಹಿಂದೆಯೂ ಸಮಸ್ತ ಜನತೆ ಇರುವುದಿಲ್ಲ. ಒಬ್ಬನೇ ಒಬ್ಬ ಇರುತ್ತಾನೆ, ಅವನಿಗೆ ಎಲ್ಲಿಯೋ ನೋಯುತ್ತಿರುತ್ತದೆ. ಪುತ್ತೂರಿನ ಒಬ್ಬರು ಬಸ್ಸುಗಳ ಅವ್ಯವಸ್ಥೆಯ ಬಗ್ಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ವಿಚಾರಿಸಿದರೆ, ಯಾವುದೋ ಕಾಲದಲ್ಲಿ ಒಬ್ಬ ಕಂಡಕ್ಟರು ಅವರ ಮಡಿಲಲ್ಲಿದ್ದ ಕುಂಬಳಕಾಯಿಯನ್ನು ಬಸ್ಸಿನ ಮಾಡಿನ ಮೇಲೆ ಹಾಕಿಸಿದ್ದನಂತೆ. ಸೂಯೆಜ್ ಕಾಲುವೆಯ ಗಲಾಟೆ ನಡೆದಾಗ ಕಡಬದ ಕಡೆಯ ಒಬ್ಬರು, ಹರಿಯುವ ನೀರಿನ ಮೇಲೆ ಯಾರಿಗೂ ಒಡೆತನವಿಲ್ಲವೆಂದು ಇಂಗ್ಲೆಂಡಿನ ಪ್ರಧಾನಿಗೆ ಎಚ್ಚರಿಕೆ ಕೊಟ್ಟು ಬರೆದರು. ಅವರ ಗದ್ದೆಗೆ ಬರುವ ನೀರನ್ನು ಮೇಲಿನ ಗದ್ದೆಯವನು ಕಟ್ಟ ಹಾಕಿ ನಿಲ್ಲಿಸಿದ್ದ ಎಂಬುದು ಓದಿದವರಿಗೆಲ್ಲ ಗೊತ್ತಿತ್ತು. ಇಂಗ್ಲೆಂಡಿನವರಿಗೆ ಗೊತ್ತಿರಲಿಲ್ಲ, ಅಷ್ಟೆ.

ನನಗೆ ನೋಯುತ್ತಿದ್ದದ್ದು ಸಂಕ. ನಾನು ಮಾಷ್ಟ್ರು. ಆಲಂಕಾರಿನಿಂದ ಒಳಗೆ ಎರಡು ಮೈಲು ನಡೆದರೆ ಸಿಗುವ ಒಂದು ಸಣ್ಣ ಊರಿನ ಶಾಲೆಯಲ್ಲಿ ಕೆಲಸ. ಶಾಲೆ ತೋಡಿನ ಆಚೆ, ನನ್ನ ಮನೆ ಆ ಹಳ್ಳದ ಈಚೆ. ನಡುವೆ, ಎರಡು ದಡಗಳಿಗೆ ಎರಡು ಅಡಿಕೆ ಮರಗಳನ್ನು ಉದ್ದಕ್ಕೆ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳು ಕಟ್ಟಿದ್ದರು. ಇದಕ್ಕೆ ನಮ್ಮಲ್ಲಿ ಸಂಕ ಎನ್ನುತ್ತಾರೆ. ಹುಟ್ಟಿದ ಮಕ್ಕಳು ನಡೆಯಲು ಕಲಿಯುವುದು ಅಂಗಳದಲ್ಲಿ, ಓಡಲು ಕಲಿಯುವುದು ಸಂಕದ ಮೇಲೆ ಎಂಬಷ್ಟು ನಮ್ಮವರಿಗೆ ಅದು ಅಭ್ಯಾಸ. ನನಗೆ ಮಾತ್ರ ಅದು ಬರಲಿಲ್ಲ. ಸಂಕದ ನಡುವಿಗೆ ಬಂದು ಕೆಳಗಿನ ನೀರು ಕಣ್ಣಿಗೆ ಬಿದ್ದ ಕೂಡಲೇ ನನ್ನ ಎರಡೂ ಮೊಣಕಾಲುಗಳು ನನ್ನನ್ನು ಕೇಳದೆ ಮಡಚಿಕೊಳ್ಳುತ್ತವೆ. ಆಮೇಲೆ ಕುಳಿತುಕೊಂಡೇ, ಕೈಯೂರಿ ಕೈಯೂರಿ ಉಳಿದ ದಾರಿಯನ್ನು ಸಾಗಿಸಬೇಕು. ಶಾಲೆಯಲ್ಲಿ ಧೈರ್ಯ, ಸಾಹಸ ಎಂದು ಪಾಠ ಮಾಡುವವನು ಹೀಗೆ ತೆವಳುವುದನ್ನು ಮಕ್ಕಳು ನೋಡಿದರೆ ಗತಿಯೇನು? ಆದುದರಿಂದ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಶಾಲೆಗೆ ಹೋಗಿ, ಎಲ್ಲರೂ ಹೋದ ಒಂದು ಗಂಟೆಯ ಮೇಲೆ ಮನೆಗೆ ಬರುತ್ತಿದ್ದೆ. ಇಂಥ ಕರ್ತವ್ಯನಿಷ್ಠೆಯ ಮಾಷ್ಟ್ರು ಈ ತಾಲೂಕಿನಲ್ಲೇ ಇಲ್ಲವೆಂದು ಊರಿನಲ್ಲಿ ಹೆಸರಾಯಿತು. ನಿಜ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ, ಪಂಚೆಯ ಹಿಂಭಾಗದ ಪಾಚಿ ತೊಳೆಯುವವಳು ಅವಳಲ್ಲವೇ?

ಹೀಗೆ ಎಷ್ಟು ವರ್ಷ? ಕನ್ನಡದ ಸೀಮೆಗಳೆಲ್ಲ ಒಂದಾಗಿ, ಮದರಾಸಿಗೆ ಬರೆಯುತ್ತಿದ್ದ ನಾವು ಬೆಂಗಳೂರಿಗೆ ಬರೆಯಬೇಕಾದ ಕಾಲ ಬಂದಿತ್ತು. ಹೊಸ ಸರಕಾರ ಹೊಸ ಸಂಕ ಕೊಟ್ಟೀತು ಎಂಬ ಆಸೆಯಿಂದ ನಾನೊಂದು ಕಾಗದ ಬರೆದೆ. ನಮ್ಮ ಕಡೆಯ ಪತ್ರಿಕೆಗೆ ಕಳುಹಿಸಿದರೆ ನಮ್ಮ ಕಡೆಯವರೇ ಓದಿಯಾರು, ಮಂತ್ರಿಗಳ ಕಣ್ಣಿಗೆ ಬೀಳಬೇಕಾದರೆ ಘಟ್ಟದ ಮೇಲಿನ ಪತ್ರಿಕೆಯೇ ಆಗಬೇಕು ಎಂದು ತೀರ್ಮಾನಿಸಿದೆ. ಬರೆದು ಮುಗಿಸಿ ಹೆಂಡತಿಗೆ ಓದಿ ಹೇಳಿದೆ. ಅವಳು ಆಗಷ್ಟೇ ತಲೆಯ ಮೇಲೆ ಹುಲ್ಲಿನ ಕಟ್ಟ ಹೊತ್ತುಕೊಂಡು, ಗಳು ಕೂಡ ಮುಟ್ಟದೆ ಸಂಕ ದಾಟಿ ಬಂದಿದ್ದಳು.

“ಹೆಂಗಸರೂ ಮಕ್ಕಳೂ ಹೆದರುತ್ತಾರೆ ಹೇಳಿ ಬರ್ದಿದ್ದೀರಲ್ಲ, ಯಾವ ಹೆಂಗಸರು?” ಎಂದು ಕೇಳಿದಳು.

“ಸಾಮಾನ್ಯವಾಗಿ ಹೆಂಗಸರು.”

“ಎಂತ ಸಾಮಾನ್ಯ? ಹೆದರುದು ಈ ಊರಿಲಿ ಒಬ್ಬರೇ. ಅವರ ಹೆಸರು ಬರೀರಿ.”

ಮೂವತ್ತೆಂಟು ವರ್ಷದ ಮಾಷ್ಟ್ರು ಹೆದರುತ್ತಾರೆ ಎಂದರೆ ಸರಕಾರಕ್ಕೆ ಅದೊಂದು ತುರ್ತು ಕೆಲಸ ಎಂದು ಅನ್ನಿಸಲಿಕ್ಕಿಲ್ಲ ಎಂಬುದನ್ನು ಅವಳಿಗೆ ತಿಳಿಸಿ ಹೇಳಲು ಹೋಗಲಿಲ್ಲ. ಕೆಳಗೆ ‘ನೊಂದ ನಾಗರಿಕ’ ಎಂದು ಸಹಿ ಮಾಡಿದೆ. ಸಂಪಾದಕರ ತಿಳಿವಳಿಕೆಗಾಗಿ ಮಾತ್ರ ಎಂದು ಮೂಲೆಯಲ್ಲಿ ನನ್ನ ನಿಜವಾದ ಹೆಸರು, ಕೆಲಸ, ಊರು ಬರೆದು ಅಂಚೆಗೆ ಹಾಕಿದೆ.

ಹನ್ನೆರಡನೆಯ ದಿನ ಕಾಗದ ಅಚ್ಚಾಯಿತು. ಘಟ್ಟದ ಮೇಲಿನ ಪತ್ರಿಕೆ ಮಧ್ಯಾಹ್ನದ ಬಸ್ಸಿನಲ್ಲಿ ಆಲಂಕಾರಿಗೆ ಬರುತ್ತದೆ, ಹಿಂದಿನ ದಿನದ್ದು. ಅದನ್ನು ಭಟ್ಟರ ಹೋಟೆಲಿನಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಚಾ ಕುಡಿಯುತ್ತಾ ಅಭಿಪ್ರಾಯ ಕೊಡುವುದು ಕ್ರಮ. ಅಂದು ನಾನು ಹೋಗುವಾಗ ಓದು ಎರಡನೆಯ ಸಲ ನಡೆಯುತ್ತಿತ್ತು. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಮಾಷ್ಟ್ರೆಂದು ಯಾವಾಗಲೂ ಅರ್ಧ ಏಳುತ್ತಿದ್ದರು, ಪೂರ್ತಿ ಎದ್ದದ್ದು ಅದೇ ಮೊದಲು. ಪತ್ರಿಕೆ ಕೈಗೆ ತೆಗೆದುಕೊಂಡೆ. ‘ನೊಂದ ನಾಗರಿಕ’ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು, ಕೆಲಸ, ಊರು ಹಾಕಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಘಟ್ಟದ ಮೇಲಿನವರಿಗೆ ಸಂಕ ಎಂಬ ಮಾತು ಗೊತ್ತಿಲ್ಲ. ಪಾಪ, ಹಳ್ಳಿಯ ಮಾಷ್ಟ್ರಿಗೆ ಮಹಾಪ್ರಾಣ ಬರುವುದಿಲ್ಲ ಎಂದುಕೊಂಡು, ಯಾರೋ ಪುಣ್ಯಾತ್ಮರು ನಾನು ಸಂಕ ಎಂದು ಬರೆದಲ್ಲೆಲ್ಲ ಒಂದನ್ನೂ ಬಿಡದೆ ‘ಸಂಘ’ ಎಂದು ತಿದ್ದಿದ್ದರು.

ಅಚ್ಚಾದದ್ದು ಹೀಗಿತ್ತು: ‘ನಮ್ಮ ಊರಿನ ಸಂಘದ ದುಃಸ್ಥಿತಿಯ ಕಡೆಗೆ ಸರಕಾರದ ಗಮನ ಸೆಳೆಯಬಯಸುತ್ತೇನೆ. ಎರಡು ಹಳೆಯ ಮರದ ತುಂಡುಗಳೇ ಈ ಸಂಘಕ್ಕೆ ಆಧಾರ. ಒಂದು ಉದ್ದ, ಒಂದು ಗಿಡ್ಡ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಕೊಳೆತು ಎರಡೂ ಒಳಗೆ ಕುಂಬಾಗಿವೆ. ಹೆಂಗಸರೂ ಮಕ್ಕಳೂ ಸಂಘದ ಬಳಿಗೆ ಹೋಗಲು ಹೆದರುತ್ತಾರೆ. ಕಳೆದ ವರ್ಷ ಸಂಘವನ್ನು ನಂಬಿದ ಒಂದು ಬಡ ದನ ನೀರು ಪಾಲಾಯಿತು. ಆದುದರಿಂದ ಈ ಸಂಘವನ್ನು ಕಿತ್ತೆಸೆದು, ಇದರ ಸ್ಥಳದಲ್ಲಿ ನೇರವಾಗಿ ನಿಲ್ಲಬಲ್ಲ ಹೊಸ ಸಂಘವೊಂದನ್ನು ಕೂಡಲೇ ಹಾಕಿಸಿಕೊಡಬೇಕು.’

ನಮ್ಮ ಊರಿನಲ್ಲಿ ಇದ್ದದ್ದು ಒಂದೇ ಸಂಘ, ಬೇಸಾಯಗಾರರದ್ದು. ಅದಕ್ಕೆ ಅಧ್ಯಕ್ಷರು ಕುಂಞಣ್ಣ ಗೌಡರು, ಆರು ಅಡಿ ಆಳು. ಕಾರ್ಯದರ್ಶಿಯವರು ಗೌಡರ ಎದೆಯವರೆಗೆ ಬರುತ್ತಿದ್ದರು. ಇಬ್ಬರೂ ಸಂಘ ಹುಟ್ಟಿದಂದಿನಿಂದ ಆ ಕುರ್ಚಿಗಳಲ್ಲಿ ಇದ್ದವರು. ಇದು ಸಾಲದೆಂಬಂತೆ ನಾನು ಕೆಲಸ ಮಾಡುವ ಶಾಲೆಯ ಮ್ಯಾನೇಜರರೂ ಇದೇ ಗೌಡರು. ನನ್ನ ಅನ್ನ ಅವರ ಒಂದು ರುಜುವಿನ ಮೇಲೆ ನಿಂತಿತ್ತು.

“ಅದು ಸಂಘ ಅಲ್ಲ ಮಾರಾಯ್ರೆ, ಸಂಕ!” ಎಂದೆ.

ಎಲ್ಲರೂ ನಕ್ಕರು. “ಹೌದೌದು, ಇನ್ನು ಹಾಗೆಯೇ ಹೇಳ್ಬೇಕು” ಎಂದು ಭಟ್ಟರು ಕಣ್ಣು ಮಿಟುಕಿಸಿದರು. “ಆದ್ರೆ ಭಾರೀ ಧೈರ್ಯ ನಿಮ್ದು. ನಾವು ಇಷ್ಟು ವರ್ಷ ಬಾಯಲ್ಲಿ ಇಟ್ಕೊಂಡದ್ದನ್ನು ನೀವು ಪೇಪರಿಗೆ ಹಾಕಿಬಿಟ್ರಿ.”

ಮೂಲೆಯಲ್ಲಿದ್ದ ಬಾಬಣ್ಣ ಮೆಲ್ಲನೆ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡ. ಅವನಿಗೂ ಸಂಘಕ್ಕೂ ಬಿತ್ತನೆ ಬೀಜದ ವಿಷಯದಲ್ಲಿ ಏನೋ ಹಳೆಯ ತಕರಾರು. “ಆ ದನ ನಾನೇ ಅಲ್ವಾ ಮಾಷ್ಟ್ರೆ? ನನ್ನ ಬಗ್ಗೆ ಬರೀಲಿಕ್ಕೆ ಒಬ್ರಾದ್ರೂ ಉಂಟಲ್ಲ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಈಗ ಹೇಳಿ, ಅಂಥವನಿಗೆ ‘ನೀನು ದನ ಅಲ್ಲ’ ಎಂದು ಹೇಳಲು ಬಾಯಿ ಬರುತ್ತದೆಯೇ? ಸತ್ಯ ಹೇಳಬೇಕೆಂದರೆ, ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ನನ್ನನ್ನು ಧೈರ್ಯವಂತ ಎಂದಿದ್ದರು. ಅದನ್ನು ಒಂದು ಗಳಿಗೆಯಾದರೂ ಅನುಭವಿಸುವ ಆಸೆ ನನಗೂ ಇತ್ತು. ಭಟ್ಟರು ಕೊಟ್ಟ ಎರಡನೆಯ ಚಾ ಕುಡಿದೆ. ದಾರಿಯಲ್ಲಿ ಗೌಡರ ರುಜು ನೆನಪಾಗಿ, ಮನೆಗೆ ಬಂದವನೇ ಕಾಗದದ ಕರಡನ್ನು ಹುಡುಕಿ ಎತ್ತಿಟ್ಟೆ.

ಮರುದಿನ ಆದಿತ್ಯವಾರ ಬೆಳಿಗ್ಗೆ ತೋಡಿನ ಆಚೆಯಿಂದ ಗುಡುಗು ಕೇಳಿತು. “ಮಾಷ್ಟ್ರೇ! ಹೊರಗೆ ಬನ್ನಿ!” ಜಗಲಿಯಿಂದ ಇಣುಕಿದೆ. ಗೌಡರು ಪತ್ರಿಕೆಯನ್ನು ಕೊಳವೆಯ ಹಾಗೆ ಸುತ್ತಿ ಕೈಯಲ್ಲಿ ಹಿಡಿದು ನಿಂತಿದ್ದರು. “ಯಾರು ಕುಂಬಾದದ್ದು? ನಾನು ಕುಂಬಾ? ಅಲ್ಲಿಗೇ ಬರ್ತೇನೆ, ಎದುರು ನಿಂತು ಹೇಳಿ!” ಎನ್ನುತ್ತಾ ಸಂಕದ ಮೇಲೆ ಕಾಲಿಟ್ಟೇಬಿಟ್ಟರು. ನಾನು ಓಡಿಹೋಗಿ ಈಚೆ ತುದಿಯಲ್ಲಿ ನಿಂತೆ. ನಾಲ್ಕು ಹೆಜ್ಜೆ ಸರಿಯಾಗಿಯೇ ಬಂದರು. ನಡುವಿಗೆ ಬಂದು ಕೆಳಗೆ ನೋಡಿದರು. ಬೈಗುಳ ಅರ್ಧಕ್ಕೆ ನಿಂತಿತು. ಆ ಮುಖದ ಬಣ್ಣ ನನಗೆ ಗುರುತು ಸಿಕ್ಕಿತು, ಕನ್ನಡಿಯಲ್ಲಲ್ಲದೆ ಬೇರೆಲ್ಲೂ ನಾನದನ್ನು ಕಂಡಿರಲಿಲ್ಲ. ಮೆಲ್ಲಮೆಲ್ಲನೆ ಆರು ಅಡಿಯ ಗೌಡರು ಮೂರು ಅಡಿಯಾದರು. ಪತ್ರಿಕೆ ತೋಡಿಗೆ ಬಿತ್ತು.

“ಮಾಷ್ಟ್ರೆ” ಎಂದರು, ಬಹಳ ಮೆತ್ತಗೆ. “ಕೈ ಕೊಡಿ.”

“ನನಗೂ ಆಗುದಿಲ್ಲ ಗೌಡ್ರೆ.”

“ಎಂತ ಆಗುದಿಲ್ಲ?”

“ನಾನೂ ಅಲ್ಲಿಯೇ ಕೂತುಕೊಳ್ಳುದು. ದಿನಕ್ಕೆರಡು ಸಲ.”

ಕೊನೆಗೆ ನನ್ನ ಹೆಂಡತಿ ದನದ ಹಟ್ಟಿಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಸಂಕದ ನಡುವಿಗೆ ನಡೆದು ಹೋದಳು. “ಕೆಳಗೆ ನೋಡ್ಬೇಡಿ ಗೌಡ್ರೆ, ನನ್ನ ಮುಖ ನೋಡಿ” ಎಂದು ಅವರ ಎರಡೂ ಕೈ ಹಿಡಿದು ಎಬ್ಬಿಸಿ, ತಾನು ಹಿಮ್ಮುಖವಾಗಿ ನಡೆಯುತ್ತಾ ಅವರನ್ನು ದಡ ಸೇರಿಸಿದಳು. ಹಿಮ್ಮುಖವಾಗಿ!

ಜಗಲಿಯಲ್ಲಿ ಬೆಲ್ಲ, ನೀರು ಕೊಟ್ಟೆವು. ಆಮೇಲೆ ಒಂದು ದೊಡ್ಡ ಲೋಟ ಮಜ್ಜಿಗೆ. ನಾನು ಎತ್ತಿಟ್ಟಿದ್ದ ಕಾಗದದ ಕರಡನ್ನು ಕೈಗೆ ಕೊಟ್ಟೆ. ಗೌಡರು ಬೆರಳಿಟ್ಟು ಸಾಲುಸಾಲಾಗಿ ಓದಿದರು. ‘ಎರಡೂ ಒಳಗೆ ಕುಂಬಾಗಿವೆ’ ಎಂಬಲ್ಲಿಗೆ ಬಂದಾಗ ತಲೆದೂಗಿದರು. “ಸಂಕ ಅಂತಲೇ ಉಂಟಲ್ಲ ಇದ್ರಲ್ಲಿ” ಎಂದರು. ಮತ್ತೆ ಸ್ವಲ್ಪ ಆಲೋಚಿಸಿ, “ನೀವು ಬರ್ದದ್ದು ಸಾಲದು ಮಾಷ್ಟ್ರೆ. ಇನ್ನೂ ಖಾರ ಬೇಕಿತ್ತು” ಎಂದರು. ನಡೆದದ್ದು ಯಾರಿಗೂ ತಿಳಿಯಬಾರದೆಂದು ನಾವಿಬ್ಬರೂ ಅಲ್ಲಿಯೇ ಒಪ್ಪಂದ ಮಾಡಿಕೊಂಡೆವು. ವಾಪಸು ಅವರು ಸಂಕ ದಾಟಲಿಲ್ಲ, ಗುಡ್ಡೆ ಸುತ್ತಿ ಮೂರು ಮೈಲು ನಡೆದು ಹೋದರು.

ಸರಕಾರದಿಂದ ಉತ್ತರ ಬರಲಿಲ್ಲ. ಆದರೆ ಮುಂದಿನ ವಾರವೇ ಸಂಘದ ತುರ್ತು ಸಭೆ ಸೇರಿತು. ಗೌಡರು ಎದ್ದು ನಿಂತು, ಹೆಂಗಸರ ಮತ್ತು ಮಕ್ಕಳ ಕಷ್ಟವನ್ನು ನೋಡಿ ತಮ್ಮ ಕರುಳು ಹಿಂಡುತ್ತಿದೆ ಎಂದರು. ತಿಂಗಳೊಳಗೆ ಕಲ್ಲಿನ ಕಂಬ, ಹಲಸಿನ ಹಲಗೆ, ಎರಡೂ ಬದಿಗೆ ಎದೆಮಟ್ಟದ ಕಟಾಂಜನ ಇರುವ ಸಂಕ ಎದ್ದಿತು. ಎರಡು ಎತ್ತು ಜೊತೆಯಾಗಿ ಹೋಗುವಷ್ಟು ಅಗಲ. ಒಳ್ಳೆಯ ದಿನ ನೋಡಿ ಊರೆಲ್ಲ ಸೇರಿ ತೆಂಗಿನಕಾಯಿ ಒಡೆದದ್ದೂ ಆಯಿತು. ಮೊದಲು ಯಾರು ದಾಟುವುದು ಎಂಬ ಪ್ರಶ್ನೆ ಬಂದಾಗ ಗೌಡರು ನನ್ನ ಬೆನ್ನ ಮೇಲೆ ಕೈಯಿಟ್ಟು, “ಪೇಪರಿಗೆ ಬರ್ದದ್ದು ಮಾಷ್ಟ್ರು. ಅವರೇ ಮೊದಲು” ಎಂದರು. ಕೈಯಿಟ್ಟದ್ದು ಎಂದೆ, ದೂಡಿದ್ದು ಎಂದರೂ ತಪ್ಪಿಲ್ಲ.

ಇಷ್ಟು ಗಟ್ಟಿ ಸಂಕದ ಮೇಲೆ ಹೆದರಲು ಏನಿದೆ? ನಾನೂ ಹಾಗೆಯೇ ಎಣಿಸಿದ್ದೆ. ಎದೆ ಸೆಟೆಸಿ ಹೊರಟೆ. ನಡುವಿಗೆ ಬಂದೆ. ಹಲಗೆ ಮತ್ತು ಹಲಗೆಯ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟಿದ್ದರು. ಆ ಸಂದಿನಲ್ಲಿ ನೀರು ಕಂಡಿತು. ಮೊಣಕಾಲುಗಳಿಗೆ ಹಲಸಿನ ಹಲಗೆ, ಕಲ್ಲಿನ ಕಂಬ ಯಾವುದರ ವಿವರವೂ ತಲುಪಿರಲಿಲ್ಲ. ಇಡೀ ಊರಿನ ಎದುರು ನಾನು ಕುಳಿತೆ. ನಾಚಿಕೆಯಿಂದ ತಲೆ ಬಗ್ಗಿಸಿದೆ, ಹಣೆ ಹಲಗೆಗೆ ತಾಗಿತು. ಹಿಂದಿನಿಂದ ಒಂದು ನಗುವೂ ಕೇಳಲಿಲ್ಲ. ಬದಲಿಗೆ ಯಾರೋ ಒಬ್ಬರು, “ನೋಡಿ, ಕಲಿತವರ ಸಂಸ್ಕಾರ ನೋಡಿ. ತುಳಿಯುವ ಮೊದಲು ನಮಸ್ಕಾರ ಮಾಡಿದ್ರು” ಎಂದರು.

ಎರಡನೆಯವರಾಗಿ ಬಂದ ಗೌಡರು ನಡುವಿನಲ್ಲಿ ನನಗಿಂತಲೂ ದೀರ್ಘವಾದ ನಮಸ್ಕಾರ ಮಾಡಿದರು. ಬಾಬಣ್ಣ ಅಡ್ಡಬಿದ್ದ. ಆಮೇಲೆ ಊರಿಗೆ ಊರೇ ಒಬ್ಬೊಬ್ಬರಾಗಿ ನಡುವಿಗೆ ಬಂದು ಕುಳಿತು, ಹಣೆ ಮುಟ್ಟಿಸಿ, ಎದ್ದು ದಾಟಿತು. ನನ್ನ ಹೆಂಡತಿ ಒಬ್ಬಳು ಸೊಂಟದಲ್ಲಿ ಕೊಡ ಇಟ್ಟುಕೊಂಡು ನಿಂತೇ ದಾಟಿದಳು.

ಈಗ ಅದು ನಮ್ಮ ಊರಿನ ಪದ್ಧತಿ. ಹೊಸ ಮದುಮಗಳು ಕುಳಿತು ಏಳದೆ ಮುಂದೆ ಹೋಗುವಂತಿಲ್ಲ. ಐವರ್ನಾಡಿನಿಂದ ಬಂದ ನೆಂಟರೂ ಕಾರಣ ಕೇಳದೆ ಕುಳಿತು ಎದ್ದು ಹೋಗುತ್ತಾರೆ. ನಾನು ನಿಶ್ಚಿಂತನಾಗಿ, ಶಾಲೆಯ ಮಕ್ಕಳ ಜೊತೆಗೇ, ಹಗಲು ಹೊತ್ತಿನಲ್ಲಿ, ನಡುವಿನಲ್ಲಿ ಕುಳಿತು ನನ್ನ ಮೊಣಕಾಲುಗಳಿಗೆ ಬೇಕಾದಷ್ಟು ಪುರುಸೊತ್ತು ಕೊಟ್ಟು ದಾಟುತ್ತೇನೆ. ಭಕ್ತರೆಂದು ಹೆಸರಾಗಿದೆ.

ಎಲ್ಲ ಸುಖವಾಗಿತ್ತು, ಮೊನ್ನೆಯವರೆಗೆ. ಮೊನ್ನೆ ನಮ್ಮ ಕಡೆಯ ಪತ್ರಿಕೆಯಲ್ಲಿ ‘ಆಚಾರಪ್ರಿಯ’ ಎಂಬವರ ಒಂದು ಕಾಗದ ಬಂದಿದೆ. ನಮ್ಮ ಊರಿನಲ್ಲಿ ತಲೆತಲಾಂತರದಿಂದ ನಡೆದುಬಂದ ಸಂಕನಮಸ್ಕಾರದ ಪವಿತ್ರ ಸಂಪ್ರದಾಯವನ್ನು ಕೆಲವು ಹೆಂಗಸರು, ಅದರಲ್ಲೂ ವಿದ್ಯಾವಂತರ ಮನೆಯ ಹೆಂಗಸರು, ಧಿಕ್ಕರಿಸಿ ನಿಂತೇ ದಾಟುತ್ತಿರುವುದು ಸಮಾಜಕ್ಕೆ ಕೇಡು ಎಂದು ಅವರು ನೊಂದುಕೊಂಡಿದ್ದಾರೆ. ಹೆಂಡತಿ ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಕೈಯಲ್ಲಿಟ್ಟಳು. “ಇದಕ್ಕೆ ಉತ್ತರ ಬರೀರಿ. ನಿಮ್ಮದೇ ಹೆಸರು ಹಾಕಿ ಬರೀರಿ. ಬರೆಯುವವರೆಗೆ ನಿಮ್ಮ ಪಂಚೆ ನೀವೇ ಒಗೀರಿ” ಎಂದಳು.

ಆ ದಿನವೇ ಶಾಯಿ, ಕಾಗದ ತೆಗೆದುಕೊಂಡು ಕುಳಿತೆ. ‘ಮಾನ್ಯ ಸಂಪಾದಕರೇ’ ಎಂದು ಬರೆದೆ. ಮುಂದಿನ ವಾಕ್ಯದಲ್ಲಿ ಸತ್ಯ ಬರೆಯಬೇಕು. ಇಷ್ಟು ವರ್ಷ ಪತ್ರಿಕೆಗಳಿಗೆ ಬರೆದಿದ್ದೇನೆ, ಅದೊಂದನ್ನು ಹೇಗೆ ಶುರುಮಾಡುವುದೆಂದು ಗೊತ್ತಿಲ್ಲ. ಮೂರು ದಿನದಿಂದ ಪಂಚೆ ಒಗೆಯುತ್ತಿದ್ದೇನೆ.