ನನ್ನ ಕಣ್ಣಿನಲ್ಲಿ ಆರು ಗಂಟೆ

ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಕಲ್ಲು ನೋಡುವ ಕೆಲಸ ಮಾಡುತ್ತಿದ್ದೇನೆ. ಪಾಲಿಶ್ ಆಗಿ ಬಂದ ಕಲ್ಲಿನ ಮುಂದೆ ನಿಂತು, ಎಲ್ಲಿ ಕಲೆ ಇದೆ, ಎಲ್ಲಿ ಕೂದಲೆಳೆಯಷ್ಟು ಬಿರುಕಿದೆ ಎಂದು ಹುಡುಕಿ, 'ಪಾಸ್' ಇಲ್ಲವೇ 'ವಾಪಸ್' ಎಂದು ಸೀಮೆಸುಣ್ಣದಲ್ಲಿ ಬರೆಯಬೇಕು. ಸಾಸಿವೆಕಾಳಿನ ಕಾಲುಭಾಗದಷ್ಟು ಚುಕ್ಕೆಯೂ ನನ್ನಿಂದ ತಪ್ಪಿಸಿಕೊಂಡು ಹೋದದ್ದಿಲ್ಲ. ನಮ್ಮ ಮನೆಯ ಒಲೆ ಉರಿಯುವುದೇ ಈ ಎರಡು ಕಣ್ಣುಗಳಿಂದ. ಇದನ್ನು ನಾನು ಬಹಳ ವಿನಯದಿಂದ ಹೇಳಿಕೊಳ್ಳುತ್ತೇನೆ. ದಿನಕ್ಕೆ ನಾಲ್ಕೈದು ಸಲ ಮಾತ್ರ!

ಒಂದು ದಿನ ಬೆಳಿಗ್ಗೆ ಎಡಗಣ್ಣು ಚುರುಚುರು ಎಂದಿತು. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣಿನ ಕಂದು ಉಂಗುರದ ಕೆಳಗಡೆ ಒಂದು ಚುಕ್ಕೆ.

"ಕಣ್ಣಾಗ ಏನೋ ಹೊಕ್ಕೈತ್ರಿ. ದವಾಖಾನಿಗೆ ಹೋಗಿ ಬರ್ರಿ," ಎಂದಳು ನನ್ನ ಹೆಂಡತಿ ಗಂಗವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಇಷ್ಟು ಸರಳ ಕಾರಣ ನನ್ನಂಥ ತಜ್ಞನ ಮನಸ್ಸಿಗೆ ಒಪ್ಪಲಿಲ್ಲ. ಅದೇ ವಾರ ಊರಿನ ಕಲ್ಯಾಣಮಂಟಪಕ್ಕೆ, ಕಣ್ಣಿನ ಬಣ್ಣದ ಉಂಗುರ ನೋಡಿ ಮೈಯೊಳಗಿನ ರೋಗ ಹೇಳುವವರೊಬ್ಬರು ಬಂದಿದ್ದರು. ನೇರ ಅಲ್ಲಿಗೇ ಹೋದೆ. ಬಾಗಿಲಲ್ಲೇ ಆಳೆತ್ತರದ ಕಣ್ಣಿನ ಚಿತ್ರ. ಅದನ್ನು ಗಡಿಯಾರದ ಹಾಗೆ ಹನ್ನೆರಡು ಪಾಲು ಮಾಡಿ, ಹನ್ನೆರಡು ಗಂಟೆಗೆ ಮಿದುಳು, ಆರು ಗಂಟೆಗೆ ಮೂತ್ರಪಿಂಡ, ಹೀಗೆ ಪ್ರತಿ ಗಂಟೆಗೂ ಒಂದೊಂದು ಅಂಗ ಹಂಚಿದ್ದರು. ನನಗೆ ರೋಮಾಂಚನವಾಯಿತು. ಮೇಲಿನ ಚುಕ್ಕೆ ನೋಡಿ ಒಳಗಿನ ದೋಷ ಹೇಳುವುದು! ಇದು ನನ್ನದೇ ಕಸುಬಲ್ಲವೇ? ಅವರು ಕಣ್ಣು ನೋಡುತ್ತಾರೆ, ನಾನು ಕಲ್ಲು ನೋಡುತ್ತೇನೆ.

ಅವರು ಬ್ಯಾಟರಿಯ ಬೆಳಕು ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದರು.

"ತಮ್ಮ ಎಡಗಣ್ಣಿನಲ್ಲಿ ಆರು ಗಂಟೆಯ ಸ್ಥಾನದಲ್ಲಿ ಚುಕ್ಕೆಯೊಂದು ಮೂಡಿದೆ. ಮೂತ್ರಪಿಂಡ ದುರ್ಬಲವಾಗಿದೆ. ತಾವು ಎಚ್ಚರ ವಹಿಸಬೇಕು," ಎಂದರು.

ಇದನ್ನೇ ನಮ್ಮ ಕಡೆಯವರು ಯಾರಾದರೂ "ನಿನ್ನ ಕಿಡ್ನಿ ಹೋತಲೇ" ಎಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಷ್ಟು ಅಚ್ಚುಕಟ್ಟಾದ ಬೆಂಗಳೂರು ಕಡೆಯ ಕನ್ನಡದಲ್ಲಿ ಹೇಳಿದರೆ ನಂಬದೆ ಇರುವುದು ಹೇಗೆ?

"ಕಣ್ಣು ಉರಿತೈತ್ರಿ. ನೀರು ಸುರಿತೈತ್ರಿ," ಎಂದೆ.

"ವಿಷ ಹೊರಗೆ ಹೋಗುತ್ತಿದೆ. ಒಳ್ಳೆಯ ಲಕ್ಷಣ."

ಉಪ್ಪು ಬಿಡಬೇಕು, ಖಾರ ಬಿಡಬೇಕು, ದಿನಕ್ಕೆ ಆರು ತಂಬಿಗೆ ಬಾರ್ಲಿ ನೀರು ಕುಡಿಯಬೇಕು ಎಂದು ಅಪ್ಪಣೆಯಾಯಿತು. ಆ ಕಣ್ಣಿನ ಚಿತ್ರದ ಒಂದು ಪ್ರತಿಯನ್ನೂ ಕೊಟ್ಟರು. ನನ್ನ ಅನಾಹುತಕ್ಕೆ ನಕ್ಷೆ ಸಿಕ್ಕಿತು!

ಮರುದಿನದಿಂದ ಶ್ರದ್ಧೆಯಿಂದ ಬಾರ್ಲಿ ನೀರು ಕುಡಿದೆ. ಅರ್ಧ ಗಂಟೆಗೊಮ್ಮೆ ಹಿತ್ತಲಿಗೆ ಓಡತೊಡಗಿದೆ. ಹದಿನೈದನೆಯ ಸಲ ಓಡಿಬಂದವನು ಹೊಸ್ತಿಲ ಮೇಲೆ ಕುಸಿದು ಕುಳಿತೆ. "ನೋಡಿದೇನ ಗಂಗಾ? ಕಿಡ್ನಿ ಪೂರಾ ಕೆಟ್ಟೈತಿ. ಒಂದು ತೊಟ್ಟು ನೀರು ಒಳಗ ನಿಲ್ಲವಲ್ದು!"

"ಆರು ತಂಬಿಗಿ ಕುಡಿದ್ರ ನಮ್ಮ ಎಮ್ಮಿಗೂ ನಿಲ್ಲೂದಿಲ್ರಿ. ಮೊದಲ ಆ ಕಣ್ಣು ತೋರಸ್ರಿ, ಹೆಂಗ ಕೆಂಪಾಗೈತಿ!" ಎಂದಳು.

"ವಿಷ ಹೊರಗ ಹೊಂಟೈತಿ!" ಎಂದು ಗದರಿದೆ.

ಕಾರ್ಖಾನೆಯಲ್ಲೂ ನಾನು ಸುಮ್ಮನಿರಲಿಲ್ಲ. ಪಾಲಿಶ್ ಮಷಿನ್ ನಡೆಸುವ ಮೈಬೂಬನನ್ನು ಹಿಡಿದು ನಿಲ್ಲಿಸಿ, ಅವನ ಕಣ್ಣಿಗೆ ನಕ್ಷೆ ಹೋಲಿಸಿದೆ. "ಲೇ ಮೈಬೂಬ, ಹನ್ನೆರಡು ಗಂಟಿಗೆ ಗೆರಿ ಐತಿ. ಮಿದುಳು ವೀಕ್ ಐತಿ ನಿಂದು."

"ನಮ್ಮ ಮನ್ಯಾಕಿನೂ ಅದನ್ನ ಹೇಳ್ತಾಳ್ರಿ ಬಸಣ್ಣಾರ," ಎಂದು ಅವನು ನಗುತ್ತ ಹೋದ. ನನಗೆ ನಗು ಬರಲಿಲ್ಲ. ಸಂಜೆ ಗೋಡೆಯ ಗಡಿಯಾರದಲ್ಲಿ ಮುಳ್ಳು ಆರಕ್ಕೆ ಬಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಒಂಬತ್ತನೆಯ ದಿನ ಎಡಗಣ್ಣು ತೆರೆಯುವುದೇ ಕಷ್ಟವಾಯಿತು. ವಿಷ ಬಹಳ ಇದೆ, ಇನ್ನು ನನ್ನ ಆಟ ಮುಗಿಯಿತು ಎಂದುಕೊಂಡೆ. ಕಮತಗಿಯಲ್ಲಿರುವ ಅಕ್ಕನ ಮುಖವನ್ನು ಕೊನೆಯ ಸಲ ನೋಡಿಬರೋಣವೆಂದು ಗಂಗವ್ವನನ್ನು ಕರೆದುಕೊಂಡು ಬಸ್ ಹತ್ತಿದೆ. ಹುನಗುಂದ ದಾಟುವುದರೊಳಗೆ ಕಂಡಕ್ಟರಿಗೆ ಕೈಮುಗಿದು ಎರಡು ಸಲ ಬಸ್ ನಿಲ್ಲಿಸಿದೆ. ಮೂರನೆಯ ಸಲ ಅವನೇ, "ಯಜಮಾನ್ರ, ನೀವು ಬಾಗಲ ಹತ್ರನ ನಿಂದರ್ರಿ," ಎಂದ. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಸಾಯುವವನಿಗೆ ಎಂಥ ನಾಚಿಕೆ?

ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು, ನಡುಗುವ ದನಿಯಲ್ಲಿ, "ಅಕ್ಕಾ, ನನ್ನಿಂದ ಏನಾರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ," ಎಂದೆ. ಗಂಗವ್ವ ಒಂದು ತಾಸಿನ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸಿದಳು.

ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿದಳು. "ಸಾಯೂದಿದ್ರ ಬಾಗಲಕೋಟಿ ಡಾಕ್ಟರಿಗೆ ತೋರಿಸಿ ಸಾಯಲೇ ಬಸ್ಯಾ! ನಡಿ ಮೊದಲ!"

ಬಾಗಲಕೋಟೆಯಲ್ಲಿ ಮೊದಲು ರಕ್ತ ಕೊಟ್ಟೆ. ಮೂತ್ರವನ್ನಂತೂ ಅವರು ಕೇಳುವುದಕ್ಕಿಂತ ಮೊದಲೇ ಕೊಟ್ಟೆ. ವರದಿ ನೋಡಿದ ಡಾಕ್ಟರು, "ಕಿಡ್ನಿ ಗಟ್ಟಿ ಅದಾವ್ರಿ. ಆದ್ರ ಕಣ್ಣಿಗೆ ಏನಾತು?" ಎಂದು ಕಣ್ಣಿನ ಡಾಕ್ಟರ ಕೋಣೆಗೆ ಅಟ್ಟಿದರು.

ಅಲ್ಲಿ ಗಲ್ಲವನ್ನು ಮಷಿನ್ನಿನ ಮೇಲಿಟ್ಟು ಕೂತೆ. ಕಣ್ಣಿನ ಡಾಕ್ಟರು ಕ್ಷಣದಲ್ಲೇ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಹೇಳಿದೆ. ಅವರು ಔಷಧಿಯ ಹನಿ ಬಿಟ್ಟು, ಸೂಜಿಯ ತುದಿಯಿಂದ ಏನನ್ನೋ ಮೆಲ್ಲಗೆ ಎಬ್ಬಿಸಿ, ಬಿಳಿ ಹತ್ತಿಯ ಮೇಲಿಟ್ಟರು.

"ಈ ಚುಕ್ಕಿ ಉಂಗುರದಾಗ ಇರಲಿಲ್ರಿ. ಅದರ ಮುಂದಿನ ಪಾರದರ್ಶಕ ಪೊರೆಯಾಗ ನಟ್ಟಿತ್ತು. ಇನ್ನೆರಡು ದಿನ ಬಿಟ್ಟಿದ್ರ ಕೀವು ತುಂಬಿ ಕಣ್ಣಾಗ ಹೂ ಬೀಳ್ತಿತ್ತು. ಆಮ್ಯಾಲೆ ಈ ಕಣ್ಣಿಗೆ ಕಲ್ಲೂ ಕಾಣ್ತಿರಲಿಲ್ಲ, ಕಲೆನೂ ಕಾಣ್ತಿರಲಿಲ್ಲ."

ಒಂಬತ್ತು ದಿನ ಕಿಡ್ನಿಗಾಗಿ ಹೆದರಿದ್ದೆ. ಹೆದರಬೇಕಾದ ಜಾಗವೇ ಬೇರೆ ಇತ್ತು. ಗಂಗವ್ವ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳು ಮೊದಲ ದಿನವೇ ಹೇಳಿದ್ದ ಮಾತು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ.

ಹತ್ತಿಯನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದೆ. ಕೆಂಪು. ಅಂಚಿನಲ್ಲಿ ಮಿಣುಕು. ನನಗೆ ಗುರುತು ಸಿಗದಿದ್ದೀತೇ? ನಮ್ಮದೇ ಇಳಕಲ್ಲಿನ ಕೆಂಪು ಕಲ್ಲಿನ ಚೂರು! ನಾನೇ 'ಪಾಸ್' ಎಂದು ಬರೆದ ಕಲ್ಲಿನದೇ ಇರಬೇಕು.

"ಕಾರ್ಖಾನ್ಯಾಗ ಕನ್ನಡಕ ಹಾಕ್ಕೊಳ್ಳೂದಿಲ್ಲೇನ್ರಿ?" ಎಂದು ಡಾಕ್ಟರು ಕೇಳಿದರು.

"ಹಾಕ್ಕೊಂತಾರ್ರಿ," ಎಂದಳು ಗಂಗವ್ವ, "ಹಣಿ ಮ್ಯಾಲೆ."

ಕಾರ್ಖಾನೆಯ ಬಾಗಿಲಲ್ಲಿ 'ಕನ್ನಡಕ ಹಾಕದೆ ಒಳಗೆ ಬರಬಾರದು' ಎಂಬ ಫಲಕವಿದೆ. ಬರೆದು ಕೆಳಗೆ ಸಹಿ ಹಾಕಿದವನು ನಾನೇ. ಆ ಮಾತನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.

ಕಣ್ಣು ವಾಸಿಯಾಗಿ ಕೆಲಸಕ್ಕೆ ಮರಳಿದ ದಿನ, ಕನ್ನಡಕವನ್ನು ಹಣೆಯಿಂದ ಇಳಿಸಿ ಕಣ್ಣಿಗೇ ಹಾಕಿಕೊಂಡು ಗತ್ತಿನಿಂದ ಮೊದಲ ಕಲ್ಲಿನ ಮುಂದೆ ನಿಂತೆ. ಬಲಗಡೆ ಕೆಳಗೆ ಒಂದು ಕಲೆ! ಸಿಕ್ಕಿತು! ಸೀಮೆಸುಣ್ಣ ಎತ್ತಿ 'ವಾ' ಎಂದು ಬರೆದೂಬಿಟ್ಟೆ.

ಮೈಬೂಬ ಬಂದು ಕಲ್ಲನ್ನು ನೋಡಿದ. ನನ್ನನ್ನು ನೋಡಿದ. ಬಹಳ ಮರ್ಯಾದೆಯಿಂದ, "ಬಸಣ್ಣಾರ, ಒಂದ್ಸಲ ಕನ್ನಡಕ ಒರಿಸಿಕೊಂಡು ನೋಡ್ರಿ," ಎಂದ.

ಒರೆಸಿಕೊಂಡೆ. ಕಲೆ ಹೋಯಿತು.

'ವಾ' ಅಳಿಸಿ 'ಪಾಸ್' ಎಂದು ಬರೆದೆ.